ಮನೆಯ ಎಸಿಗೆ ಎಷ್ಟು ಅಗಲದ ಫಿಲ್ಟರ್ ಬೇಕು?

ಪ್ರಶ್ನೆ: ಎರಡು ವರ್ಷದ ಹಿಂದೆ ವಿನೋಬನಗರದಲ್ಲಿ ಮನೆ ಕಟ್ಟಿಸುವಾಗ ಹಾಲ್ ಮತ್ತು ಎರಡು ಮಲಗುವ ಕೋಣೆಗಳಿಗೆ ಸೇರಿ 3 ಟನ್ನಿನ ಒಂದು ಡಕ್ಟ್ ಎಸಿ ಹಾಕಿಸಿದೆವು. ಹಾಲಿನ ಫಾಲ್ಸ್ ಸೀಲಿಂಗಿನಲ್ಲಿರುವ 20 ಇಂಚು ಉದ್ದ, 20 ಇಂಚು ಅಗಲದ ಒಂದೇ ರಿಟರ್ನ್ ಗ್ರಿಲ್ಲಿನಿಂದ ಗಾಳಿ ಯಂತ್ರಕ್ಕೆ ಮರಳುತ್ತದೆ. ಮಗಳಿಗೆ ಉಬ್ಬಸವಿರುವುದರಿಂದ ಅಲ್ಲಿದ್ದ ನೈಲಾನ್ ಬಲೆಯನ್ನು ತೆಗೆದು, ಒಂದು ಇಂಚು ದಪ್ಪದ, ಸಣ್ಣ ಕಣಗಳನ್ನೂ ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಕೂರಿಸಿದೆವು. ಮೂರು ವಾರದಲ್ಲಿ ತಂಪು ತಗ್ಗಿತು, ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲಿನ ಮೇಲೆ ಐಸ್ ಕಟ್ಟಿತು, ಎಸಿ ನಿಲ್ಲಿಸಿದ ಮೇಲೆ ಸೀಲಿಂಗಿನಿಂದ ನೀರು ತೊಟ್ಟಿಕ್ಕಿತು. ಎಸಿ ಹಾಕಿಕೊಟ್ಟವರು ಇಂಥ ಫಿಲ್ಟರ್ ಮನೆಯ ಎಸಿಗೆ ಆಗಿಬರುವುದಿಲ್ಲ ಎನ್ನುತ್ತಾರೆ, ಫಿಲ್ಟರ್ ಮಾರಿದವರು ಎಸಿಯಲ್ಲೇ ದೋಷವಿದೆ ಎನ್ನುತ್ತಾರೆ. ಯಾರ ಮಾತನ್ನು ನಂಬುವುದು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಫಿಲ್ಟರ್ ಒಳ್ಳೆಯದೇ ಇರಬಹುದು, ಎಸಿಯೂ ಸರಿಯಾಗಿಯೇ ಇರಬಹುದು, ನೀವು ಕೊಟ್ಟಿರುವ ಅಳತೆ ನೋಡಿದರೆ ಆ ಗ್ರಿಲ್ ಆ ಫಿಲ್ಟರಿಗೆ ತೀರಾ ಚಿಕ್ಕದಾಯಿತು. ಗುಡ್ಡದ ಅಬ್ಬಿಯಿಂದ ತೋಟಕ್ಕೆ ನೀರು ತಂದವರಿಗೆ ಇದು ಗೊತ್ತಿರುವ ಸಂಗತಿಯೇ. ಕಸ ಬಾರದಿರಲೆಂದು ಪೈಪಿನ ಬಾಯಿಗೆ ಹಳೆಯ ಪಂಚೆಯ ತುಂಡನ್ನು ಬಿಗಿದು ಕಟ್ಟಿದರೆ ಎರಡೇ ದಿನದಲ್ಲಿ ನೀರು ಸೊರಗುತ್ತದೆ. ಅದೇ ಪಂಚೆಯನ್ನು ಚೀಲವಾಗಿ ಹೊಲಿದು ಮೊಳದುದ್ದ ಇಳಿಬಿಟ್ಟು ಕಟ್ಟಿದರೆ, ನೇಯ್ಗೆ ಒಂದೇ ಆಗಿದ್ದರೂ ನೀರು ಸರಾಗವಾಗಿ ಬರುತ್ತದೆ, ಏಕೆಂದರೆ ಆಗ ಬಟ್ಟೆಯ ಒಂದೊಂದು ಅಂಗುಲವೂ ಸ್ವಲ್ಪ ಸ್ವಲ್ಪ ನೀರನ್ನು ಬಿಟ್ಟರೆ ಸಾಕಾಗುತ್ತದೆ. ಫಿಲ್ಟರ್ ಕೊಳ್ಳುವಾಗ ಎಲ್ಲರೂ ದರ್ಜೆಯನ್ನು ಕೇಳುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆ ಅದಕ್ಕೆ ಎಷ್ಟು ಚದರ ಅಡಿ ಜಾಗವಿದೆ ಎಂಬುದು.

ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು ಶಾಖವನ್ನು, ಅಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟನ್ನು, ಮನೆಯಿಂದ ಹೊರಹಾಕುವ ಸಾಮರ್ಥ್ಯ. ಒಂದು ಟನ್ನಿಗೆ ಕಾಯಿಲಿನ ಮೇಲೆ ನಿಮಿಷಕ್ಕೆ 400 ಘನ ಅಡಿ ಗಾಳಿ ಹಾಯಬೇಕೆಂಬುದು ಈ ಕಸುಬಿನವರ ರೂಢಿಯ ಲೆಕ್ಕ. ಅದನ್ನೇ ಅವರು 400 ಸಿಎಫ್‌ಎಂ ಎನ್ನುತ್ತಾರೆ. ತೇವ ಹೆಚ್ಚಿರುವ ನಮ್ಮಂಥ ಸೀಮೆಯಲ್ಲಿ ಕಾಯಿಲ್ ಇನ್ನಷ್ಟು ತಣ್ಣಗಾಗಿ ಗಾಳಿಯ ನೀರನ್ನು ಚೆನ್ನಾಗಿ ಹಿಂಡಲೆಂದು ಬೇಕೆಂತಲೇ 350ಕ್ಕೆ ಇಳಿಸುವುದೂ ಉಂಟು. 400ರ ಲೆಕ್ಕದಲ್ಲಿ ನಿಮ್ಮ 3 ಟನ್ನಿಗೆ 1,200 ಸಿಎಫ್‌ಎಂ ಬೇಕು. ನಿಮ್ಮ ಗ್ರಿಲ್ಲಿನ ವಿಸ್ತೀರ್ಣ 400 ಚದರ ಇಂಚು, ಅಂದರೆ 2.78 ಚದರ ಅಡಿ. 1,200ನ್ನು 2.78ರಿಂದ ಭಾಗಿಸಿದರೆ, ಗಾಳಿ ಫಿಲ್ಟರಿನ ಮುಖಕ್ಕೆ ನಿಮಿಷಕ್ಕೆ ಸುಮಾರು 430 ಅಡಿ ವೇಗದಲ್ಲಿ ನುಗ್ಗಬೇಕಾಗುತ್ತದೆ. ನೈಲಾನ್ ಬಲೆಗೆ ಇದು ಲೆಕ್ಕಕ್ಕಿಲ್ಲ. ಒಂದು ಇಂಚು ದಪ್ಪದ ಮಡಿಕೆ ಫಿಲ್ಟರಿಗೆ 300 ಅಡಿಯೇ ಮೇಲಿನ ಮಿತಿ; ಮರ್ವ್ 13ರಂಥ ಬಿಗಿ ಫಿಲ್ಟರಾದರೆ 200ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಟನ್ನಿಗೆ 2 ಚದರ ಅಡಿ ಫಿಲ್ಟರ್ ಎಂಬ ಸೂತ್ರ ಹುಟ್ಟಿದ್ದು ಈ 200ರಿಂದಲೇ. ಆ ಪ್ರಕಾರ ನಿಮಗೆ ಬೇಕಾದದ್ದು 6 ಚದರ ಅಡಿ, ಇರುವುದು ಅದರ ಅರ್ಧಕ್ಕೂ ಕಡಿಮೆ.

ಉಳಿದದ್ದೆಲ್ಲ ಇದರ ಹಿಂದೆಯೇ ಬಂದಿದೆ. ಯಂತ್ರದೊಳಗಿನ ಫ್ಯಾನ್, ಅಂದರೆ ಬ್ಲೋವರ್, ಎಳೆದಷ್ಟು ಗಾಳಿ ಬರಲಿಲ್ಲ. ಬಂದ ಸ್ವಲ್ಪ ಗಾಳಿಯಿಂದ ಕಾಯಿಲಿಗೆ ಸಾಕಷ್ಟು ಶಾಖ ಸಿಗದೆ ಅದರ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯಿತು. ಅದರ ಮೇಲೆ ಕೂರುತ್ತಿದ್ದ ನೀರು ಹರಿದುಹೋಗುವ ಬದಲು ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ ಪದರ ಕಾಯಿಲಿನ ತಗಡು ರೆಕ್ಕೆಗಳ ಸಂದನ್ನು ಮುಚ್ಚಿ ಗಾಳಿಯನ್ನು ಮತ್ತಷ್ಟು ತಡೆಯಿತು. ಎಸಿ ನಿಂತ ಮೇಲೆ ಅಷ್ಟೂ ಐಸ್ ಒಮ್ಮೆಗೇ ಕರಗಿದಾಗ ಕೆಳಗಿನ ಟ್ರೇ ಮತ್ತು ಡ್ರೈನ್ ಪೈಪು ಅದನ್ನು ಹೊರಲಾರದೆ ನಿಮ್ಮ ಸೀಲಿಂಗಿಗೆ ಬಿಟ್ಟವು. ಇದೇ ಸ್ಥಿತಿಯಲ್ಲಿ ಎಸಿಯನ್ನು ಓಡಿಸುತ್ತ ಹೋದರೆ ಕಂಪ್ರೆಸರಿಗೂ ಕೇಡು, ಆದ್ದರಿಂದ ಸದ್ಯಕ್ಕೆ ಆ ಫಿಲ್ಟರನ್ನು ತೆಗೆದು ಹಳೆಯ ಬಲೆಯನ್ನೇ ಹಾಕಿಕೊಳ್ಳಿ.

ಶಾಶ್ವತ ಪರಿಹಾರಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಗ್ರಿಲ್ಲನ್ನು ದೊಡ್ಡದು ಮಾಡುವುದು. 20ಕ್ಕೆ 25 ಇಂಚಿನ ಎರಡು ಗ್ರಿಲ್‌ಗಳನ್ನು ಹಾಕಿಸಿದರೆ 1,000 ಚದರ ಇಂಚು, ಅಂದರೆ ಸುಮಾರು 6.9 ಚದರ ಅಡಿ ಸಿಗುತ್ತದೆ. ವೇಗ 173 ಅಡಿಗೆ ಇಳಿಯುತ್ತದೆ. ಎರಡನೆಯ ಗ್ರಿಲ್ಲನ್ನು ಮಲಗುವ ಕೋಣೆಗಳ ಕಡೆಗೆ ಹಾಕಿಸಿದರೆ, ಬಾಗಿಲು ಮುಚ್ಚಿದಾಗ ಆ ಕೋಣೆಗಳ ಗಾಳಿ ಹಿಂದಿರುಗಲು ದಾರಿಯಿಲ್ಲದೆ ಒದ್ದಾಡುವುದೂ ತಪ್ಪುತ್ತದೆ. ಗ್ರಿಲ್ಲಿನಿಂದ ಯಂತ್ರದವರೆಗಿನ ಡಕ್ಟ್ ಕಿರಿದಾಗಿಯೇ ಉಳಿದರೆ ಅರ್ಧ ಕೆಲಸ ಮಾಡಿದಂತಾಗುತ್ತದೆ, ಅದನ್ನೂ ನೋಡಿಸಿ. ಎರಡನೆಯ ದಾರಿ ಆಳದ್ದು: ಮುಖದ ಅಳತೆ ಹೆಚ್ಚು ಬೆಳೆಯದಿದ್ದರೂ ನಾಲ್ಕು ಇಂಚು ಆಳದ ಮಡಿಕೆಗಳಲ್ಲಿ ಒಂದು ಇಂಚಿನದಕ್ಕಿಂತ ಹಲವು ಪಟ್ಟು ಹೆಚ್ಚು ಬಟ್ಟೆ ಅಡಗುತ್ತದೆ, ಮೇಲೆ ಹೇಳಿದ ಚೀಲದ ಹಾಗೆ. ಇದಕ್ಕೆ ಡಕ್ಟಿನಲ್ಲಿ ಪ್ರತ್ಯೇಕ ಪೆಟ್ಟಿಗೆ ಕೂರಿಸಬೇಕು, ಸೀಲಿಂಗಿನ ಮೇಲೆ ಕೈ ಆಡುವಷ್ಟು ಜಾಗ ಬೇಕು. ಯಾವುದನ್ನು ಮಾಡಿದರೂ ಫಿಲ್ಟರಿನ ಚೌಕಟ್ಟಿನ ಸುತ್ತ ಫೋಮ್ ಪಟ್ಟಿ ಅಂಟಿಸಿ ಸಂದು ಮುಚ್ಚುವುದನ್ನು ಮರೆಯಬೇಡಿ. ಫಿಲ್ಟರ್ ಬಿಗಿಯಾದಷ್ಟೂ ಗಾಳಿ ಸಂದನ್ನೇ ಹುಡುಕುತ್ತದೆ. ಬ್ಲೋವರ್ ಓಡುತ್ತಿರುವಾಗ ಊದುಬತ್ತಿಯನ್ನು ಚೌಕಟ್ಟಿನ ಅಂಚಿನ ಉದ್ದಕ್ಕೂ ನಿಧಾನವಾಗಿ ಸರಿಸಿ ನೋಡಿ. ಎಲ್ಲೋ ಒಂದು ಮೂಲೆಯಲ್ಲಿ ಹೊಗೆ ದಾರದಂತೆ ನೆಟ್ಟಗಾಗಿ ಒಳಕ್ಕೆ ಓಡುವುದು ಕಾಣುತ್ತದೆ.

ದರ್ಜೆಯ ವಿಷಯವನ್ನೂ ಒಂದಿಷ್ಟು ಹೇಳಬೇಕು. ಮರ್ವ್ ಎಂಬುದು ಅಮೆರಿಕದ ಆಶ್ರೇ ಸಂಸ್ಥೆಯ 52.2 ಎಂಬ ಮಾನದಂಡದ 1ರಿಂದ 16ರವರೆಗಿನ ಅಳತೆಗೋಲು. ಮರ್ವ್ 13 ಆಗಬೇಕಾದರೆ 0.3ರಿಂದ 1 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 50ರಷ್ಟನ್ನೂ, 1ರಿಂದ 3 ಮೈಕ್ರಾನ್‌ನವುಗಳಲ್ಲಿ ಶೇ 85ರಷ್ಟನ್ನೂ, 3ರಿಂದ 10 ಮೈಕ್ರಾನ್‌ನವುಗಳಲ್ಲಿ ಶೇ 90ರಷ್ಟನ್ನೂ ಹಿಡಿಯಬೇಕು. ಮರ್ವ್ 8ಕ್ಕೆ 1 ಮೈಕ್ರಾನಿಗಿಂತ ಸಣ್ಣ ಕಣಗಳ ಷರತ್ತೇ ಇಲ್ಲ; ಅದು ಯಂತ್ರವನ್ನು ಧೂಳಿನಿಂದ ಕಾಯುವ ಫಿಲ್ಟರ್, ಶ್ವಾಸಕೋಶವನ್ನು ಕಾಯುವುದಲ್ಲ. ನಮ್ಮ ಅಂಗಡಿಗಳಲ್ಲಿ ಇನ್ನೂ ಯುರೋಪಿನ ಹಳೆಯ ಹೆಸರುಗಳೇ ನಡೆಯುತ್ತವೆ: ಎಫ್7 ಎಂದರೆ ಸುಮಾರಾಗಿ ಮರ್ವ್ 13. ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತದೆ, ಆದರೆ ಮನೆಯ ಎಸಿಯ ಬ್ಲೋವರಿಗೆ ಅದನ್ನು ಎಳೆಯುವ ದಮ್ಮಿಲ್ಲ. ಯಾರಾದರೂ ನಿಮ್ಮ ಗ್ರಿಲ್ಲಿಗೆ ಹೆಪಾ ಹಾಕಿಕೊಡುತ್ತೇವೆಂದರೆ ಕೈಮುಗಿದು ಕಳುಹಿಸಿ.

ಇಷ್ಟೆಲ್ಲ ಹೇಳಿದ ಮೇಲೂ, ಗ್ರಿಲ್ ಒಡೆಸುವ ಮೊದಲು ಒಂದು ಮಾತು ಯೋಚಿಸಿ. ಫಿಲ್ಟರ್ ಗಾಳಿಯನ್ನು ಸೋಸುವುದು ಬ್ಲೋವರ್ ಓಡುವಾಗ ಮಾತ್ರ. ಶಿವಮೊಗ್ಗದಲ್ಲಿ ಎಸಿ ಮುಖ್ಯವಾಗಿ ಓಡುವುದು ಮಾರ್ಚಿನಿಂದ ಮೇವರೆಗೆ. ಉಬ್ಬಸಕ್ಕೆ ಮಳೆಗಾಲವೂ ಗೊತ್ತು, ಚಳಿಗಾಲವೂ ಗೊತ್ತು. ಬರೀ ಫ್ಯಾನ್ ಮೋಡ್‌ನಲ್ಲಿ ವರ್ಷವಿಡೀ ಓಡಿಸುವ ಮನಸ್ಸಿಲ್ಲದಿದ್ದರೆ, ಎಸಿಗೆ ಹಳೆಯ ಬಲೆಯನ್ನೇ ಉಳಿಸಿಕೊಂಡು, ಮಗಳ ಕೋಣೆಗೆ ಒಂದು ಹೆಪಾ ಪ್ಯೂರಿಫೈಯರ್ ಇಡುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಅದರ ಅಳತೆಯ ಲೆಕ್ಕ ಮುಂದೆ ಇನ್ನೊಂದು ಉತ್ತರದಲ್ಲಿದೆ.

ಪ್ರಶ್ನೆ: ನಾನು ಎಸಿ ಮೆಕ್ಯಾನಿಕ್. ಫಿಲ್ಟರ್ ಕಟ್ಟಿಕೊಂಡಿದೆಯೇ ಎಂಬುದನ್ನು ನಾವು ಕಣ್ಣಳತೆಯಲ್ಲೇ ಹೇಳುತ್ತೇವೆ. ಒತ್ತಡ ಅಳೆಯುವ ಡಿಜಿಟಲ್ ಮೀಟರಿಗೆ ದುಡ್ಡು ಹಾಕುವ ಮೊದಲು ಬೇರೆ ಉಪಾಯವಿದೆಯೇ? ಎಷ್ಟು ಒತ್ತಡ ಬಂದರೆ ಹೆಚ್ಚಾಯಿತೆಂದು ತಿಳಿಯಬೇಕು?
— ಓದುಗರು, ಭದ್ರಾವತಿ

ಉತ್ತರ: ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಬೂದು ಬಣ್ಣಕ್ಕೆ ತಿರುಗಿದ ಫಿಲ್ಟರ್ ಇನ್ನೂ ಚೆನ್ನಾಗಿ ಗಾಳಿ ಬಿಡುತ್ತಿರಬಹುದು, ಬೆಳ್ಳಗೆ ಕಾಣುವ ಹೊಸ ಫಿಲ್ಟರೇ ಉಸಿರು ಕಟ್ಟಿಸುತ್ತಿರಬಹುದು. ಉಪಾಯವಂತೂ ನಿಮ್ಮ ಊರಿನ ಗಾರೆ ಮೇಸ್ತ್ರಿಗಳ ಕೈಯಲ್ಲೇ ಇದೆ. ಅವರು ಮಟ್ಟ ನೋಡುವ ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಹಿಡಿದು, ಒಂದು ತುದಿಯನ್ನು ಡಕ್ಟಿಗೆ ಸಿಕ್ಕಿಸಿದರೆ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಮನೆಯ ಎಸಿಯಲ್ಲಿ ಆ ವ್ಯತ್ಯಾಸ ಎರಡು ಮೂರು ಮಿಲಿಮೀಟರ್ ಮಾತ್ರ ಇರುವುದರಿಂದ ನಿಂತ ಟ್ಯೂಬಿನಲ್ಲಿ ಓದುವುದು ಕಷ್ಟ. ಅದಕ್ಕಾಗಿ ನಾನು ಮನೆಯಲ್ಲಿ ಮಾಡಿಕೊಂಡದ್ದು ಹೀಗೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯ ತಳದ ಹತ್ತಿರ ತೂತು ಕೊರೆದು, ಟ್ಯೂಬನ್ನು ಎಂ-ಸೀಲ್ ಹಾಕಿ ಕೂರಿಸಿದೆ. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 10 ಸೆಂಟಿಮೀಟರ್ ಎತ್ತಿಟ್ಟು, ಟ್ಯೂಬನ್ನು ಅದರ ಮೇಲೆ ನೇರವಾಗಿ ಅಂಟಿಸಿದೆ. ಡಬ್ಬಿಗೆ ನೀರು, ಎರಡು ಹನಿ ಶಾಯಿ, ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ. ಸೋಪಿಲ್ಲದಿದ್ದರೆ ನೀರು ಟ್ಯೂಬಿನ ಗೋಡೆಗೆ ಅಂಟಿಕೊಂಡು ತಡವರಿಸಿ ಏರುತ್ತದೆ. ಬ್ಲೋವರ್ ನಿಂತಿರುವಾಗ ನೀರಿರುವ ಜಾಗಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ, ಅದೇ ಸೊನ್ನೆ. ಟ್ಯೂಬಿನ ಮೇಲಿನ ತುದಿಯನ್ನು ಫಿಲ್ಟರಿಗೂ ಬ್ಲೋವರಿಗೂ ನಡುವೆ ಡಕ್ಟಿನ ಪಕ್ಕದಲ್ಲಿ ಕೊರೆದ ಸಣ್ಣ ತೂತಿಗೆ ಸಿಕ್ಕಿಸಿ. ತುದಿ ಗಾಳಿಯ ಓಟಕ್ಕೆ ಎದುರಾಗದೆ ಗೋಡೆಯ ಮಟ್ಟಕ್ಕೇ ಇರಲಿ. ಬ್ಲೋವರ್ ಶುರುವಾದೊಡನೆ ನೀಲಿ ಗೆರೆ ಹಲಗೆಯ ಮೇಲೆ ತೆವಳುತ್ತ ಏರುತ್ತದೆ. ಹಲಗೆಯ ಮೇಲೆ 10 ಮಿಲಿಮೀಟರ್ ಏರಿದರೆ ನಿಜವಾದ ಏರಿಕೆ 1 ಮಿಲಿಮೀಟರ್, ಅಂದರೆ ಸುಮಾರು 10 ಪ್ಯಾಸ್ಕಲ್.

ಇನ್ನು ಮಿತಿಯ ಮಾತು. ಅಮೆರಿಕದ ಮನೆಗಳ ಯಂತ್ರಗಳನ್ನು ಸಾಮಾನ್ಯವಾಗಿ ಒಟ್ಟು ಅರ್ಧ ಇಂಚು ನೀರಿನ ಒತ್ತಡಕ್ಕೆ, ಅಂದರೆ ಸುಮಾರು 125 ಪ್ಯಾಸ್ಕಲ್‌ಗೆ ಮಾಡಿರುತ್ತಾರೆ, ಅದರಲ್ಲಿ ಫಿಲ್ಟರಿನ ಪಾಲು ಐದರಲ್ಲೊಂದು, 25 ಪ್ಯಾಸ್ಕಲ್ ಇದ್ದರೆ ಒಳ್ಳೆಯದೆನ್ನುತ್ತಾರೆ. ನಿಮ್ಮ ಹಲಗೆಯ ಮೇಲೆ ಅದು 25 ಮಿಲಿಮೀಟರ್. ನಮ್ಮಲ್ಲಿ ಸೀಲಿಂಗಿನೊಳಗೆ ಅಡಗಿಸುವ ತೆಳು ಯಂತ್ರಗಳಲ್ಲಿ ಒಟ್ಟು ಸಾಮರ್ಥ್ಯವೇ 30ರಿಂದ 50 ಪ್ಯಾಸ್ಕಲ್ ಇರುವ ಮಾದರಿಗಳುಂಟು. ಅವುಗಳಿಗೆ ಬಿಗಿ ಫಿಲ್ಟರಿನ ಆಸೆಯನ್ನೇ ಇಟ್ಟುಕೊಳ್ಳಬಾರದು. ಕೈಪಿಡಿಯಲ್ಲಿ ಸ್ಟ್ಯಾಟಿಕ್ ಪ್ರೆಷರ್ ಎಂದಿರುವ ಸಾಲನ್ನು ನೋಡಿಯೇ ಗಿರಾಕಿಗೆ ಮಾತು ಕೊಡಿ. ಅಳತೆಯಲ್ಲಿ ಗ್ರಿಲ್ಲಿನ ತಡೆಯೂ ಸೇರಿರುತ್ತದೆ. ಫಿಲ್ಟರ್ ತೆಗೆದು ಇನ್ನೊಮ್ಮೆ ಅಳೆದು ಕಳೆದರೆ ಸ್ಥೂಲವಾಗಿ ಫಿಲ್ಟರಿನದು ಸಿಗುತ್ತದೆ. ಹೊಸ ಫಿಲ್ಟರ್ ಹಾಕಿದ ದಿನದ ಅಂಕಿಯನ್ನು ಡಕ್ಟಿನ ಮೇಲೇ ಮಾರ್ಕರಿನಲ್ಲಿ ಬರೆದಿಡಿ. ಅದು ಎರಡರಷ್ಟಾದ ದಿನ ಬದಲಾಯಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಕಳೆದ ಚಳಿಗಾಲ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಗಳ ಮನೆಯಲ್ಲಿದ್ದೆ. ಮನೆಯನ್ನು ಬೆಚ್ಚಗಿಡುವ ಅವರ ಗ್ಯಾಸ್ ಫರ್ನೇಸ್‌ಗೆ ಅಳಿಯ ಮರ್ವ್ 13 ಫಿಲ್ಟರ್ ಹಾಕಿದ ಮೇಲೆ ಬೆಂಕಿ ಹತ್ತುವುದು, ಐದು ನಿಮಿಷದಲ್ಲಿ ಆರುವುದು, ಮತ್ತೆ ಹತ್ತುವುದು ಶುರುವಾಯಿತು. ಫಿಲ್ಟರಿನ ಮೇಲೆ 16×25×1 ಎಂದಿತ್ತು, ಫರ್ನೇಸ್‌ನ ಮೇಲೆ 80,000 ಬಿಟಿಯು ಎಂದಿತ್ತು. ಇದು ಅಪಾಯವೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಅಮ್ಮಾ, ಸಂಖ್ಯೆಗಳನ್ನು ಬರೆದುಕೊಂಡು ಬಂದದ್ದು ಒಳ್ಳೆಯದಾಯಿತು. ಫರ್ನೇಸ್‌ನ ಒಳಗೆ ಉಷ್ಣತೆ ಮಿತಿ ಮೀರಿದರೆ ಗ್ಯಾಸನ್ನು ನಿಲ್ಲಿಸುವ ಒಂದು ಸ್ವಿಚ್ ಇರುತ್ತದೆ. ಗಾಳಿ ಸಾಲದೆ ಶಾಖವೆಲ್ಲ ಒಳಗೇ ಉಳಿದಾಗ ಅದು ಕಾಪಾಡುತ್ತದೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಕೂಡಲೇ ಅಪಾಯವಿಲ್ಲ, ಆದರೆ ಆ ಸ್ವಿಚ್ಚನ್ನು ದಿನಕ್ಕೆ ಹತ್ತಾರು ಸಲ ದುಡಿಸುವುದು ಸರಿಯಲ್ಲ, ಶಾಖ ವಿನಿಮಯ ಮಾಡುವ ಲೋಹದ ಭಾಗವೂ ಹೀಗೆ ಕಾದು ತಣಿದು ಬಿರುಕು ಬಿಡಬಹುದು.

80,000 ಬಿಟಿಯು ಫರ್ನೇಸ್ ಶೇ 95ರ ದಕ್ಷತೆಯದಾದರೆ ಮನೆಗೆ ಬರುವುದು 76,000. ಹಾಯುವ ಗಾಳಿ ಇದ್ದದ್ದಕ್ಕಿಂತ 60 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿಯಾಗಬೇಕೆಂದಿಟ್ಟುಕೊಂಡರೆ ನಿಮಿಷಕ್ಕೆ ಸುಮಾರು 1,170 ಘನ ಅಡಿ ಗಾಳಿ ಬೇಕು. 16ಕ್ಕೆ 25 ಎಂದರೆ ಶಿವಮೊಗ್ಗದ ಓದುಗರ ಗ್ರಿಲ್ಲಿನಷ್ಟೇ, 400 ಚದರ ಇಂಚು. ಖಂಡ ಬೇರೆಯಾದರೂ ತೊಂದರೆ ಒಂದೇ. ಅಲ್ಲಿ 20×25×4 ಅಳತೆಯ ದಪ್ಪ ಫಿಲ್ಟರಿನ ಪೆಟ್ಟಿಗೆಗಳು ಸುಲಭವಾಗಿ ಸಿಗುತ್ತವೆ, ಒಮ್ಮೆ ಕೂರಿಸಿದರೆ ಫಿಲ್ಟರ್ ಆರರಿಂದ ಹನ್ನೆರಡು ತಿಂಗಳು ಬರುತ್ತದೆ. ಅಲ್ಲಿಯವರೆಗೆ ಮೊದಲು ಇದ್ದಂಥ ಫಿಲ್ಟರನ್ನೇ ಹಾಕಿಕೊಳ್ಳಲಿ. ತನ್ನ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಇಸಿಎಂ ಮೋಟರ್ ಇರುವ ಹೊಸ ಫರ್ನೇಸ್ ಆಗಿದ್ದರೆ ಅದು ತಾನೇ ಹೆಚ್ಚು ಕರೆಂಟು ಎಳೆದುಕೊಂಡು ಗಾಳಿಯನ್ನು ಸರಿದೂಗಿಸಲು ನೋಡುತ್ತದೆ, ಆದ್ದರಿಂದ ಕೊರತೆ ಬಹಳ ದಿನ ಗೊತ್ತೇ ಆಗದಿರಬಹುದು. ಇನ್ನೊಂದು ಸಣ್ಣ ವಿಷಯ: ಮೇಲೆ ಬರೆದ ಅಳತೆ ಹೆಸರಿಗೆ ಮಾತ್ರ, ನಿಜವಾದ ಫಿಲ್ಟರ್ ಅದಕ್ಕಿಂತ ಕಾಲು ಅಥವಾ ಅರ್ಧ ಇಂಚು ಕಡಿಮೆ ಇರುತ್ತದೆ. ಅಳಿಯಂದಿರು ಹೊಸದನ್ನು ತರಿಸುವ ಮೊದಲು ಹಳೆಯದನ್ನು ಟೇಪಿನಿಂದ ಅಳೆದುಕೊಳ್ಳಲಿ.

ಪ್ರಶ್ನೆ: ನಮ್ಮದು ಹಂಚಿನ ಮನೆ. ಅಡಿಕೆ ಬೇಯಿಸುವ ಒಲೆಯ ಹೊಗೆ ಮತ್ತು ಬಚ್ಚಲ ಒಲೆಯ ಹೊಗೆ ಎರಡೂ ಮಲಗುವ ಕೋಣೆಗೆ ಬರುತ್ತವೆ, ತಂದೆಯವರಿಗೆ ಕೆಮ್ಮು ಬಿಡುವುದಿಲ್ಲ. ಅವರ ಕೋಣೆಯ ಸ್ಪ್ಲಿಟ್ ಎಸಿಯ ಬಲೆಯ ಮೇಲೆ ಹೆಪಾ ಹಾಳೆಯನ್ನು ಕತ್ತರಿಸಿ ಅಂಟಿಸಬಹುದೇ?
— ಕೃಷಿಕರು, ಹೊಸನಗರ

ಉತ್ತರ: ಬೇಡ. ಸ್ಪ್ಲಿಟ್ ಎಸಿಯೊಳಗಿನ ಉದ್ದನೆಯ ಉರುಳು ಫ್ಯಾನು ಗಾಳಿಯನ್ನು ಬೀಸಬಲ್ಲದು, ತಡೆಯ ಎದುರು ಎಳೆಯಲಾರದು. ಹಾಳೆ ಅಂಟಿಸಿದರೆ ಗಾಳಿ ಅಂಚುಗಳಿಂದ ನುಸುಳುತ್ತದೆ, ಇಲ್ಲವೇ ಕಾಯಿಲ್ ಹೆಪ್ಪುಗಟ್ಟುತ್ತದೆ. ಅದಕ್ಕೆ ಪ್ರತ್ಯೇಕ ಪ್ಯೂರಿಫೈಯರೇ ಬೇಕು. ಕೋಣೆ 10ಕ್ಕೆ 12 ಅಡಿ, ಎತ್ತರ 10 ಅಡಿ ಎಂದಿಟ್ಟುಕೊಳ್ಳಿ: 1,200 ಘನ ಅಡಿ. ಗಂಟೆಗೆ ಐದು ಸಲ ಅಷ್ಟೂ ಗಾಳಿ ಸೋಸಬೇಕಾದರೆ ನಿಮಿಷಕ್ಕೆ 100 ಘನ ಅಡಿ, ಅಂದರೆ ಗಂಟೆಗೆ 170 ಘನ ಮೀಟರ್. ಪೆಟ್ಟಿಗೆಯ ಮೇಲೆ ಸಿಎಡಿಆರ್ ಎಂದು ಬರೆದಿರುವ ಅಂಕಿ ಇದೇ. ಆದರೆ ಅದು ಫ್ಯಾನ್ ಪೂರ್ತಿ ವೇಗದಲ್ಲಿ ಅಬ್ಬರಿಸುವಾಗಿನದು, ತಂದೆಯವರು ಆ ಸದ್ದಿನಲ್ಲಿ ಮಲಗಲಾರರು. ಆದ್ದರಿಂದ ಗಂಟೆಗೆ 300 ಘನ ಮೀಟರಿನ ಆಸುಪಾಸಿನದನ್ನು ತಂದು ನಡುವಿನ ವೇಗದಲ್ಲಿ ಓಡಿಸಿ. ಕೋಣೆಗೆ ಮರದ ಮುಚ್ಚಿಗೆ ಇದ್ದರೆ ಮಾತ್ರ ಈ ಲೆಕ್ಕ. ಹಂಚಿನ ಸಂದಿನಿಂದ ನಕ್ಷತ್ರ ಕಾಣುವ ಕೋಣೆಯಲ್ಲಿ ಪ್ಯೂರಿಫೈಯರ್ ಇಡುವುದು ತುಂಗೆಗೆ ಸೋಸುವ ಬಟ್ಟೆ ಹಿಡಿದಂತೆ.

ಅದಕ್ಕಿಂತ ಮುಖ್ಯವಾದದ್ದು, ಯಾವ ಫಿಲ್ಟರೂ ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಸೌದೆ ಒಲೆಯಿಂದ ಬರುವ ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಪ್ಯೂರಿಫೈಯರ್ ಇದೆಯೆಂದು ಬಚ್ಚಲಿನ ಕಡೆಯ ಕಿಟಕಿ ಮುಚ್ಚಿ, ಹೊಗೆಯನ್ನು ಒಳಗೇ ಬಿಟ್ಟುಕೊಂಡು ಮಲಗಿದರೆ ಜೀವಕ್ಕೇ ಅಪಾಯ. ಮೊದಲು ಬಚ್ಚಲ ಒಲೆಗೆ ಸೂರು ದಾಟುವ ಹೊಗೆ ಕೊಳವೆ ಹಾಕಿಸಿ, ಅಡಿಕೆ ಒಲೆಯನ್ನು ಗಾಳಿ ಬೀಸುವ ದಿಕ್ಕು ನೋಡಿ ಮನೆಯಿಂದ ದೂರಕ್ಕೆ ಸರಿಸಿ, ಆಮೇಲೆ ಪ್ಯೂರಿಫೈಯರಿಗೆ ದುಡ್ಡು ಹಾಕಿ.

ಪ್ರಶ್ನೆ: ಆಗುಂಬೆಯ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಮಳೆಗಾಲ ಮುಗಿದು ಎಸಿ ಹಾಕಿದಾಗ ಫಿಲ್ಟರಿನಿಂದ ಬೂಷ್ಟಿನ ವಾಸನೆ ಬರುತ್ತದೆ. ಮಡಿಕೆ ಫಿಲ್ಟರನ್ನು ತೊಳೆದು ಒಣಗಿಸಿ ಮತ್ತೆ ಹಾಕಬಹುದೇ? ಪೇಟೆಯಿಂದ ತಂದ ಧೂಳಿನ ಮೀಟರ್ ಮಂಜು ಬಿದ್ದ ಬೆಳಿಗ್ಗೆ ವಿಪರೀತ ಅಂಕಿ ತೋರಿಸುವುದೇಕೆ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೈಲಾನ್ ಬಲೆಯನ್ನು ಎಷ್ಟು ಸಲವಾದರೂ ತೊಳೆಯಿರಿ. ಮಡಿಕೆ ಫಿಲ್ಟರನ್ನು ತೊಳೆಯಬೇಡಿ. ಅವುಗಳಲ್ಲಿ ಹಲವಕ್ಕೆ ಸಣ್ಣ ಕಣಗಳನ್ನು ಸೆಳೆದುಕೊಳ್ಳುವ ಸ್ಥಾಯೀ ವಿದ್ಯುತ್ತನ್ನು ಎಳೆಗಳಲ್ಲೇ ತುಂಬಿರುತ್ತಾರೆ, ತೊಳೆದರೆ ಅದು ಹೋಗುತ್ತದೆ. ನೋಡಲು ಹೊಸದರಂತಿದ್ದರೂ ದರ್ಜೆ ಉಳಿದಿರುವುದಿಲ್ಲ. ಬೂಷ್ಟು ಬೆಳೆಯುವುದು ಎಳೆಗಳಿಗಿಂತ ಹೆಚ್ಚಾಗಿ ಅವುಗಳ ಮೇಲೆ ಕೂತ ಧೂಳನ್ನು ತಿಂದು. ಜೂನ್ ಮೊದಲ ವಾರ ಎಸಿ ನಿಲ್ಲಿಸುವ ದಿನ, ತಂಪು ಬಂದ್ ಮಾಡಿ ಫ್ಯಾನನ್ನು ಒಂದೆರಡು ಗಂಟೆ ಓಡಿಸಿ ಕಾಯಿಲ್ ಒಣಗಿಸಿ. ಬಳಸಿದ ಫಿಲ್ಟರನ್ನು ಎಸೆಯಿರಿ. ಹೊಸದನ್ನು ಅಕ್ಟೋಬರಿನಲ್ಲಿ ಪೊಟ್ಟಣ ಒಡೆದು ಹಾಕಿ. ಮೀಟರಿನ ವಿಷಯಕ್ಕೆ ಬಂದರೆ, ಅಗ್ಗದ ಮೀಟರುಗಳು ಕಣಗಳ ಮೇಲೆ ಬಿದ್ದು ಚದುರುವ ಲೇಸರ್ ಬೆಳಕನ್ನು ಅಳೆಯುತ್ತವೆ. ಅವಕ್ಕೆ ಮಂಜಿನ ಹನಿಯೂ ಹೊಗೆಯ ಕಣವೂ ಒಂದೇ. ಬಿಸಿಲೇರಿ ಮಂಜು ಹರಿದ ಮೇಲೆ ಓದಿದ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಬೆಳಗಿನದನ್ನು ಅತಿಥಿಗಳಿಗೆ ತೋರಿಸಬೇಡಿ.